ನೆರೆರಾಜ್ಯದ ಭಯ, ನಮ್ಮ ಎದೆಯೊಳಗಿನ ಹೊಗೆ

ಶಾಸನಸಭೆಯ ಪ್ರವಾಸೋದ್ಯಮ ಮತ್ತು ಜೂಜು ಸಮಿತಿಯ ಮಾನ್ಯ ಅಧ್ಯಕ್ಷರೇ,

ನಾಲ್ಕನೆಯ ಬಾರಿಯೂ ನೀವು ಆ ಮಸೂದೆಯನ್ನು ಮೂಲೆಗೆ ತಳ್ಳಿದಿರಿ. ಕ್ಯಾಸಿನೊಗಳ ಒಳಗೆ ಸಿಗರೇಟು ಸೇದುವುದನ್ನು ನಿಲ್ಲಿಸುವ ಎರಡೇ ಪುಟದ ಮಸೂದೆ ಅದು. ನಮ್ಮ ರಾಜ್ಯದಲ್ಲಿ ಶಾಲೆಯಲ್ಲಿ ಸೇದುವಂತಿಲ್ಲ, ಆಸ್ಪತ್ರೆಯಲ್ಲಿ ಸೇದುವಂತಿಲ್ಲ, ಕ್ಷೌರದಂಗಡಿಯಲ್ಲಿ ಸೇದುವಂತಿಲ್ಲ, ಕೊನೆಗೆ ಹೆಣ ಮಲಗಿಸುವ ಕೋಣೆಯಲ್ಲೂ ಸೇದುವಂತಿಲ್ಲ. ಕ್ಯಾಸಿನೊದ ಜೂಜಿನ ಅಂಗಳದಲ್ಲಿ ಮಾತ್ರ, ಇಪ್ಪತ್ತು ವರ್ಷದ ಹಿಂದೆ ನಿಮ್ಮ ಸಭೆ ದಯಪಾಲಿಸಿದ ವಿನಾಯಿತಿಯ ಕೃಪೆಯಿಂದ, ಎಷ್ಟು ಬೇಕಾದರೂ ಸೇದಬಹುದು. ಆ ವಿನಾಯಿತಿಯನ್ನು ಕಿತ್ತುಹಾಕಿ ಎಂದು ಬೇಡಿಕೊಂಡರೆ ನೀವು ಕನ್ನಡಕ ತೆಗೆದು ಒರೆಸಿಕೊಂಡು, 'ಸುತ್ತಲಿನ ರಾಜ್ಯಗಳ ಪೈಪೋಟಿ ತೀವ್ರವಾಗಿರುವ ಈ ಹೊತ್ತಿನಲ್ಲಿ ನಮ್ಮ ವರಮಾನಕ್ಕೆ ಧಕ್ಕೆ ತರುವ ಪ್ರಯೋಗಕ್ಕೆ ಇದು ಸಮಯವಲ್ಲ' ಎಂದಿರಿ. ನನ್ನ ಗಂಡ ಎಮೆಟ್ ಇಪ್ಪತ್ತೇಳು ವರ್ಷದಿಂದ ಆ ಹೊಗೆಯ ನಡುವೆ ನಿಂತು ಇಸ್ಪೀಟು ಹಂಚುತ್ತಿದ್ದಾನೆ. ಅವನ ಶ್ವಾಸಕೋಶ ಅರ್ಧ ಹೋಗಿದೆ. ಉಳಿದರ್ಧವೂ ಹೋಗುವ ಮೊದಲು ನಿಮ್ಮ ಆ ಶುಭ ಸಮಯ ಬರುತ್ತದೆಯೋ ಇಲ್ಲವೋ ಎಂದು ಕೇಳುವುದಕ್ಕೇ ಈ ಪತ್ರ.

ಪೈಪೋಟಿಯ ಪಾಠವನ್ನು ದಯವಿಟ್ಟು ನನಗೆ ಹೇಳಬೇಡಿ. ನಾನು ಹ್ಯಾರೋ ಪಾಯಿಂಟಿನಲ್ಲೇ ಹುಟ್ಟಿದವಳು. ಕಡಲ ದಂಡೆಯ ಮರದ ಹಾದಿಯುದ್ದಕ್ಕೂ ಹನ್ನೊಂದು ಕ್ಯಾಸಿನೊ ಇದ್ದ ಕಾಲವನ್ನು ಕಂಡಿದ್ದೇನೆ. ಈಗ ಆರು ಉಳಿದಿವೆ. ಮುಚ್ಚಿದ ಐದರ ಪೈಕಿ ಒಂದರ ಮೇಲೆ ಹಡಗಿನಾಕಾರದ ದೊಡ್ಡ ದೀಪದ ಫಲಕ ಇನ್ನೂ ಇದೆ, ಅದರೊಳಗೆ ಕಡಲಹಕ್ಕಿಗಳು ಸಂಸಾರ ಹೂಡಿವೆ. ಮೊದಲು ಉತ್ತರದವರು ಕುದುರೆ ಪಂದ್ಯದ ಮೈದಾನದಲ್ಲಿ ಜೂಜಿನ ಯಂತ್ರ ಇಟ್ಟರು. ಆಮೇಲೆ ಕೊಲ್ಲಿಯ ಸೇತುವೆಯಾಚೆಯವರು ಹೊಸ ಕಾನೂನು ಮಾಡಿಕೊಂಡು ನಮ್ಮದಕ್ಕಿಂತ ದೊಡ್ಡದಾದ ಅರಮನೆಯಂಥ ಕ್ಯಾಸಿನೊ ಕಟ್ಟಿದರು. ಈಗ ಜನ ಮನೆಯ ಸೋಫಾ ಮೇಲೆ ಕೂತು ಫೋನಿನಲ್ಲೇ ಕಳೆದುಕೊಳ್ಳುತ್ತಾರೆ. ಇದೆಲ್ಲ ನಿಜ, ಯಾರೂ ಇಲ್ಲವೆನ್ನುತ್ತಿಲ್ಲ. ಆದರೆ ಪ್ರತಿಸಲ ಪಕ್ಕದವರು ಒಂದು ಹೆಜ್ಜೆ ಮುಂದಿಟ್ಟಾಗ ನೀವೇನು ಮಾಡಿದಿರಿ? ಮೊದಲ ಸಲ ಕ್ಯಾಸಿನೊಗಳ ಆಸ್ತಿ ತೆರಿಗೆ ಇಳಿಸಿದಿರಿ. ಎರಡನೆಯ ಸಲ ಇನ್ನಷ್ಟು ಇಳಿಸಿದಿರಿ, ಆ ವರ್ಷ ನಮ್ಮೂರಿನ ಗ್ರಂಥಾಲಯ ವಾರಕ್ಕೆ ಮೂರೇ ದಿನ ತೆರೆಯತೊಡಗಿತು. ಮೂರನೆಯ ಸಲ ಪರದೇಶದ ಸಲಹೆಗಾರರನ್ನು ಕರೆಸಿ ನಾನೂರು ಪುಟದ ವರದಿ ಬರೆಸಿದಿರಿ. ಅದರ ಸಾರಾಂಶ ಇಷ್ಟು: ಗಿರಾಕಿಗಳನ್ನು ಹಿಡಿದಿಡಲು ನಮ್ಮ ಹತ್ತಿರ ಉಳಿದಿರುವುದು ಹೊಗೆ ಒಂದೇ, ಅದನ್ನು ಬಿಟ್ಟುಕೊಡಬೇಡಿ. ಒಂದು ರಾಜ್ಯ, ಅದಕ್ಕೊಂದು ಧ್ವಜ, ಅದಕ್ಕೊಂದು ಶಾಸನಸಭೆ, ಅದರ ಕೊನೆಯ ಬಂಡವಾಳ ಸಿಗರೇಟಿನ ಹೊಗೆ! ಇದನ್ನು ಓದಿ ನನಗೆ ಹೇಸಿಗೆಯಾಯಿತು, ನಿಮಗೆ ಆಗಲಿಲ್ಲವೆ?

ನಾನೂ ಅದೇ ಕ್ಯಾಸಿನೊದಲ್ಲಿ ಹತ್ತೊಂಬತ್ತು ವರ್ಷ ತಟ್ಟೆ ಹೊತ್ತು ಗಿರಾಕಿಗಳಿಗೆ ಪಾನೀಯ ಹಂಚಿದವಳು. ಮಂಡಿ ಸವೆದ ಮೇಲೆ ಬಿಟ್ಟೆ. (ಕ್ಯಾಸಿನೊದ ಹೆಸರು ಬರೆಯುವುದಿಲ್ಲ. ಬರೆದರೆ ಅವರ ವಕೀಲರಿಗೆ ಕೈತುಂಬ ಕೆಲಸ ಸಿಗುತ್ತದೆ.) ತಟ್ಟೆ ಹೊತ್ತವಳಿಗೆ ಒಂದು ಅನುಕೂಲ ಇತ್ತು, ಓಡಾಡಬಹುದಿತ್ತು. ಹೊಗೆ ಹೆಚ್ಚಾದ ಕಡೆಯಿಂದ ಬೇಗ ಕಾಲು ಕೀಳಬಹುದಿತ್ತು. ಇಸ್ಪೀಟು ಹಂಚುವವನಿಗೆ ಆ ಭಾಗ್ಯ ಇಲ್ಲ. ಅವನು ಮೇಜಿಗೆ ಅಂಟಿಕೊಂಡೇ ನಿಲ್ಲಬೇಕು. ಎದುರಿಗೆ ಏಳು ಕುರ್ಚಿ, ಏಳು ಬಾಯಿ, ಎಲ್ಲವೂ ಅವನ ಮುಖದಿಂದ ಮೂರಡಿ ದೂರ. ಗಿರಾಕಿ ಹೊಗೆ ಬಿಟ್ಟಾಗ ಮುಖ ತಿರುಗಿಸಿದರೆ ಅಗೌರವ. ಇನ್ನು ಕೈಯಿಂದ ಬೀಸಿ ಹೊಗೆ ಓಡಿಸುವುದು ಅವನ ವೃತ್ತಿಯಲ್ಲೇ ಸಾಧ್ಯವಿಲ್ಲ, ಯಾಕೆಂದರೆ ಅವನ ಕೈ ಅವನದಲ್ಲ.

ಇದು ನಿಮಗೆ ಗೊತ್ತಿರಲಾರದು, ಆದ್ದರಿಂದ ಹೇಳುತ್ತೇನೆ. ದುಡ್ಡಿನ ಬದಲು ಪಣಕ್ಕಿಡುವ ಬಿಲ್ಲೆಗಳನ್ನು ಮುಟ್ಟುವ ಕೈ ಮೇಜಿನ ಮೇಲಿನಿಂದ ಬೇರೆಲ್ಲಿಗೇ ಹೋಗುವುದಿದ್ದರೂ, ಜೇಬಿಗಾಗಲಿ, ಮೂಗಿಗಾಗಲಿ, ಕಿವಿ ತುರಿಸುವುದಕ್ಕಾಗಲಿ, ಮೊದಲು ಒಂದು ಸಲ ಚಪ್ಪಾಳೆ ತಟ್ಟಬೇಕು. ಆಮೇಲೆ ಎರಡೂ ಅಂಗೈಗಳನ್ನು ಮೇಲಕ್ಕೆ ತಿರುಗಿಸಿ, ಮತ್ತೆ ಕೆಳಕ್ಕೆ ತಿರುಗಿಸಿ, ಛಾವಣಿಯ ಕ್ಯಾಮೆರಾಕ್ಕೆ ತೋರಿಸಬೇಕು. ಕೈಯಲ್ಲಿ ಏನೂ ಕದ್ದಿಲ್ಲ ಎಂದು ಸಾಕ್ಷಿ ಹೇಳಿದ ಮೇಲೆಯೇ ಮೂಗು ಮುಟ್ಟಿಕೊಳ್ಳಬಹುದು. ಎಮೆಟ್ ಇದನ್ನು ದಿನಕ್ಕೆ ನೂರು ಸಲ ಮಾಡುತ್ತಾನೆ. ಮದುವೆಯಾದ ಹೊಸದರಲ್ಲಿ ಊಟದ ಮೇಜಿನಿಂದ ಏಳುವಾಗಲೂ ತಟ್ಟಿ ತೋರಿಸುತ್ತಿದ್ದ. 'ಏನಪ್ಪಾ, ನಾನೇನು ಚಮಚ ಎಣಿಸ್ತಾ ಇದೀನಾ?' ಎಂದು ನಾನು ರೇಗಿಸುತ್ತಿದ್ದೆ.

ಕಳೆದ ಫೆಬ್ರವರಿಯ ಒಂದು ಮಧ್ಯಾಹ್ನ ಮೂರನೆಯ ಕುರ್ಚಿಯಲ್ಲಿ ಒಬ್ಬ ದಪ್ಪನೆಯ ಚುರುಟು ಹಚ್ಚಿಕೊಂಡು ಕೂತಿದ್ದನಂತೆ. ಎರಡು ಗಂಟೆ ಅಲುಗಾಡಲಿಲ್ಲ. ಎಮೆಟ್‌ಗೆ ಕೆಮ್ಮು ಒತ್ತರಿಸಿಕೊಂಡು ಬಂತು. ಒಂದು ಸಲ ನುಂಗಿದ, ಎರಡು ಸಲ ನುಂಗಿದ, ಮೂರನೆಯ ಸಲ ಆಗಲಿಲ್ಲ. ಗಿರಾಕಿಗಳ ಮುಖಕ್ಕೆ ಕೆಮ್ಮಬಾರದೆಂದು ಕೈ ಬಾಯಿಗೆ ಹೋಯಿತು. ಚಪ್ಪಾಳೆ ತಟ್ಟಲು ಮರೆತ. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ. ಅವನ ಮೇಲ್ವಿಚಾರಕ ಟೆರೆನ್ಸ್ ಓಡಮ್ ಒಳ್ಳೆಯ ಮನುಷ್ಯ, ಎಮೆಟ್‌ನ ಜೊತೆಗೇ ಕೆಲಸಕ್ಕೆ ಸೇರಿದವನು. ಅವನು ಬಂದು ಪಕ್ಕದಲ್ಲಿ ನಿಂತ.

'ಎಮೆಟ್, ಕೈ ತೋರಿಸ್ಲಿಲ್ಲ ಕಣೋ.'

'ಕೆಮ್ಮು ಬಂತಲ್ಲ ಟೆರಿ. ಕೆಮ್ಮಿಗೆ ತಡಿ, ಕೈ ತೋರಿಸ್ಬಿಟ್ಟು ಬರ್ತೀನಿ ಅನ್ನಕ್ಕಾಗುತ್ತಾ?'

'ನಂಗೊತ್ತು ಮಾರಾಯ. ನಾನಾಗಿದ್ರೆ ಬಿಟ್ಬಿಡ್ತಿದ್ದೆ. ಮೇಲ್ಗಡೆ ಕ್ಯಾಮೆರಾ ನೋಡೋರು ಆಗ್ಲೇ ಫೋನ್ ಮಾಡಿದಾರೆ.'

ಚುರುಟಿನವನು ಇಬ್ಬರನ್ನೂ ನೋಡಿ, 'ನಿಮ್ ಮಾತುಕತೆ ಮುಗೀತಾ? ನನ್ ಕೈಲಿ ಹದಿನಾರಿದೆ, ಇಪ್ಪತ್ತೊಂದಾಗ್ಬೇಕು, ಎಲೆ ಹಾಕ್ರಯ್ಯಾ' ಎಂದನಂತೆ. ಎಮೆಟ್ ಎಲೆ ಹಾಕಿದ.

ಮೂರು ದಿನ ಸಂಬಳವಿಲ್ಲದ ರಜೆ, ಜೊತೆಗೆ ಒಂದು ನೋಟಿಸು: 'ನಿಗದಿತ ಕ್ರಮ ಪಾಲಿಸದೆ ಮುಖ ಮುಟ್ಟಿಕೊಂಡಿದ್ದು.' ಎಮೆಟ್ ಜಗಳಗಂಟನಲ್ಲ. ನಾನೇ ಬಲವಂತ ಮಾಡಿ ಮೇಲ್ಮನವಿ ಬರೆಸಿದೆ. ವಿಚಾರಣೆಯ ದಿನ ಕಣ್ಗಾವಲು ಕಚೇರಿಯ ಹುಡುಗಿ ಆ ದಿನದ ಚಿತ್ರ ಹಾಕಿದಳು. ಹೆಂಡತಿ ಎಂದು ನನ್ನನ್ನೂ ಒಳಗೆ ಬಿಟ್ಟಿದ್ದರು. ಚಿತ್ರದಲ್ಲಿ ಹಸಿರು ಮೇಜು, ಅದರ ಮೇಲೆ ಒಂದು ಹಳದಿ ಮಸುಕು, ಮಸುಕಿನೊಳಗೆ ನನ್ನ ಗಂಡನ ಬೋಳು ತಲೆ.

'ಸಾರಿ ಸರ್, ಇದು ಸ್ವಲ್ಪ ಮಂಕಾಗಿದೆ' ಎಂದಳು ಆ ಹುಡುಗಿ. 'ಹೊಗೆಯಿಂದ ಕ್ಯಾಮೆರಾ ಗಾಜಿನ ಮೇಲೆ ಜಿಡ್ಡು ಕೂತ್ಕೊಳತ್ತೆ. ಪ್ರತಿ ಮಂಗಳವಾರ ಒರೆಸ್ತಾರೆ. ಆ ವಾರ ಏಣಿಯವನು ಬಂದಿರ್ಲಿಲ್ಲ.'

ಮಾನ್ಯರೇ, ಈ ಮಾತನ್ನು ಇನ್ನೊಂದು ಸಲ ಓದಿ. ಛಾವಣಿಯ ಗಾಜಿನ ಗುಂಡಿಗೆ ಹೊಗೆ ಒಳ್ಳೆಯದಲ್ಲ ಎಂದು ಅವರಿಗೆ ಗೊತ್ತು. ಅದಕ್ಕೊಬ್ಬ ಮನುಷ್ಯ, ಒಂದು ಏಣಿ, ಒಂದು ಬಟ್ಟೆ, ವಾರದಲ್ಲೊಂದು ದಿನ ಗೊತ್ತು ಮಾಡಿದ್ದಾರೆ. ಅದೇ ಗಾಜಿನ ಕೆಳಗೆ ಎಂಟು ಗಂಟೆ ನಿಲ್ಲುವ ಮನುಷ್ಯನ ಎದೆ ಒರೆಸಲು ಯಾವ ಏಣಿ ಹಾಕುತ್ತೀರಿ? ಅಲ್ಲಿ ಕೂತಿದ್ದ ಅಧಿಕಾರಿಗೆ ನಾನು ಇದನ್ನೇ ಕೇಳಿದೆ. 'ಅಮ್ಮಾ, ಇವತ್ತಿನ ವಿಚಾರಣೆ ಕೈಗಳಿಗೆ ಸಂಬಂಧಪಟ್ಟದ್ದು' ಎಂದ. ಮೇಲ್ಮನವಿ ವಜಾ ಆಯಿತು.

ಆ ಮೂರು ದಿನದ ರಜೆಯಲ್ಲೇ ಅವನನ್ನು ಶ್ವಾಸಕೋಶದ ತಜ್ಞೆ ಡಾಕ್ಟರ್ ಲಿಂಡ್‌ಕ್ವಿಸ್ಟ್ ಹತ್ತಿರ ಎಳೆದುಕೊಂಡು ಹೋದೆ. ಮೂಗಿಗೊಂದು ಚಿಮಟ ಹಾಕಿ, ಬಾಯಿಗೊಂದು ಕೊಳವೆ ಕೊಟ್ಟು, 'ಊದಿ, ಊದಿ, ಇನ್ನೂ ಊದಿ, ನಿಲ್ಲಿಸ್ಬೇಡಿ' ಎಂದರು. ಊದುತ್ತ ಊದುತ್ತ ಅವನಿಗೆ ಕೆಮ್ಮು ಹತ್ತಿತು. ಆಗ ನನ್ನ ಗಂಡ ಏನು ಮಾಡಿದ ಗೊತ್ತೆ? ಕೊಳವೆಯನ್ನು ಕೆಳಗಿಟ್ಟ. ಕಣ್ಣಲ್ಲಿ ನೀರು, ಮುಖ ಕೆಂಪೇರಿತ್ತು. ಚಪ್ಪಾಳೆ ತಟ್ಟಿದ. ಅಂಗೈಗಳನ್ನು ಮೇಲೆ ಮಾಡಿ, ಕೆಳಗೆ ಮಾಡಿ, ಛಾವಣಿಯಲ್ಲಿದ್ದ ಬೆಂಕಿ ಎಚ್ಚರಿಕೆಯ ಬಿಳಿ ಗುಂಡಿಗೆ ತೋರಿಸಿದ. ಆಮೇಲೆ ಬಾಯಿ ಮುಚ್ಚಿಕೊಂಡು ಕೆಮ್ಮಿದ.

ಡಾಕ್ಟರು ಛಾವಣಿ ನೋಡಿದರು, ಅವನನ್ನು ನೋಡಿದರು. 'ಏನ್ರೀ ಅದು, ಈಗ ಮಾಡಿದ್ದು? ಪ್ರಾರ್ಥನೆಯಾ?'

'ಏನ್ ಮಾಡ್ದೆ ನಾನು?' ಎಂದ ಎಮೆಟ್. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಾನೇ ವಿವರಿಸಬೇಕಾಯಿತು. ಹೇಳುವಾಗ ನನಗೆ ನಗು ಬಂತು, ಹೇಳಿ ಮುಗಿಸುವಷ್ಟರಲ್ಲಿ ಆ ನಗು ಹೋಯಿತು. ಒಂದು ನೋಟಿಸು ಕೊಟ್ಟು ಕ್ಯಾಸಿನೊದವರು ಒಬ್ಬ ಮನುಷ್ಯನನ್ನು ಕೆಮ್ಮುವುದಕ್ಕೂ ಅಪ್ಪಣೆ ಕೇಳುವ ಹಾಗೆ ಮಾಡಿಬಿಟ್ಟರಲ್ಲ ಎಂದು ನನಗೆ ಸಿಟ್ಟು ನೆತ್ತಿಗೇರಿತು.

'ದಿನಕ್ಕೆ ಎಷ್ಟು ಸೇದ್ತೀರಿ?' ಡಾಕ್ಟರು ಕೇಳಿದರು.

'ಒಂದೂ ಇಲ್ಲ.'

'ಹಿಂದೆ?'

'ಹದಿನಾರನೇ ವಯಸ್ಸಲ್ಲಿ ಒಂದ್ಸಲ, ದೋಣಿ ಕಟ್ಟೋ ಜಾಗದ ಹಿಂದೆ. ವಾಂತಿ ಆಗೋಯ್ತು. ನಮ್ಮಮ್ಮ ಬೇರೆ ಎರಡು ಬಿಟ್ಟಿದ್ಲು.'

ಡಾಕ್ಟರು ಅವನ ಎದೆಯ ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. 'ಮಿಸ್ಟರ್ ಗ್ರಬೋಸ್ಕಿ, ನಲವತ್ತು ವರ್ಷ ಸೇದ್ದವರ ಎದೆ ಇದು. ಇನ್ನು ಆ ಗಾಳೀಲಿ ನಿಲ್ಬಾರ್ದು ನೀವು. ಒಂದು ದಿನಾನೂ.'

ಒಂದು ದಿನವೂ ನಿಲ್ಲಬಾರದು. ಸರಿ, ಬಿಡೋಣ. ಬಿಟ್ಟರೆ ಏನಾಗುತ್ತದೆ? ಎಮೆಟ್‌ಗೆ ಈಗ ಅರವತ್ತೆರಡು. ಮುದುಕರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ ಸಿಗಬೇಕಾದರೆ ಅರವತ್ತೈದಾಗಬೇಕು. ಅಲ್ಲಿಯವರೆಗೆ ವಿಮೆ ಕೊಡುವುದು ಕ್ಯಾಸಿನೊ, ಅದೂ ಪೂರ್ತಿ ಹೊತ್ತು ದುಡಿದರೆ ಮಾತ್ರ. ಉಸಿರಿನ ಔಷಧಿ ಬೇಕಾದರೆ ವಿಮೆ ಬೇಕು, ವಿಮೆ ಬೇಕಾದರೆ ಹೊಗೆಯಲ್ಲಿ ನಿಲ್ಲಬೇಕು, ಹೊಗೆಯಲ್ಲಿ ನಿಂತದ್ದಕ್ಕೇ ಔಷಧಿ ಬೇಕು. ಈ ವ್ಯವಸ್ಥೆಯನ್ನು ಯಾವ ಮಹಾನುಭಾವ ಕೂತು ಯೋಚಿಸಿದನೋ ನನಗೆ ತಿಳಿಯದು, ಅವನಿಗೆ ಒಂದು ಶಾಲು ಹೊದಿಸಬೇಕು. ಹೊಗೆಯಿಲ್ಲದ ಮೇಜಿಗೆ ಹಾಕಿ ಎಂದು ಡಾಕ್ಟರ ಚೀಟಿ ಹಿಡಿದುಕೊಂಡು ಎಮೆಟ್ ಹೋದ. ಹೊಗೆಯಿಲ್ಲದ ಮೇಜು ಇಡೀ ಅಂಗಳದಲ್ಲಿ ನಾಲ್ಕಿವೆ, ಅವಕ್ಕೆ ಮೂವತ್ತೊಂದು ಜನ ಸರದಿಯಲ್ಲಿದ್ದಾರೆ, ಅವರ ಪೈಕಿ ಇಬ್ಬರು ಬಸುರಿಯರು. ಸರದಿ ನೋಡಿ ಎಮೆಟ್ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಬಂದ. 'ಬಸುರಿ ಹೆಂಗಸನ್ನ ತಳ್ಳಿ ಮುಂದೆ ನಿಲ್ಲಕ್ಕಾಗುತ್ತೇನೇ?' ಎಂದ. ಹೊಗೆಯಿಲ್ಲದ ಆ ನಾಲ್ಕು ಮೇಜಿಗೂ ಹೊಗೆಯ ಮೇಜುಗಳಿಗೂ ನಡುವೆ ಗೋಡೆಯಿಲ್ಲ, ಒಂದು ಹಗ್ಗ ಕಟ್ಟಿದ್ದಾರೆ. ಹೊಗೆ ಆ ಹಗ್ಗ ಕಂಡು ಹೆದರಿ ಹಿಂದಕ್ಕೆ ಹೋಗುತ್ತದೆ ಎಂದು ನಿಮ್ಮ ನಿಯಮಾವಳಿ ನಂಬಿಕೊಂಡಿದೆ.

ಈಗ ನಿಮ್ಮ ಮುಖ್ಯ ವಾದಕ್ಕೆ ಬರೋಣ. ಸೇದಲು ಬಿಡದಿದ್ದರೆ ಗಿರಾಕಿಗಳು ಸೇತುವೆ ದಾಟಿ ಪಕ್ಕದ ರಾಜ್ಯಕ್ಕೆ ಹೋಗುತ್ತಾರೆ ಎನ್ನುತ್ತೀರಿ. ನಾನು ಓದು ಕಡಿಮೆಯವಳು, ಆದರೆ ಕಣ್ಣಿದೆ. ಮೇ ತಿಂಗಳಲ್ಲಿ, ವಯಸ್ಸಾದವರನ್ನು ಜೂಜಿಗೆ ಕರೆದೊಯ್ಯುವ ಬಸ್ಸು ಹತ್ತಿ ನಾನೇ ಸೇತುವೆ ದಾಟಿ ಆ ಅರಮನೆಗೆ ಹೋದೆ. ಬಾಗಿಲಲ್ಲೇ ಏನು ಬರೆದಿದೆ ಗೊತ್ತೆ? ಒಳಗೆ ಸಿಗರೇಟು ಸೇದುವಂತಿಲ್ಲ! ಆ ರಾಜ್ಯದ ಕಾನೂನು ಮೊದಲ ದಿನದಿಂದ ಹಾಗೇ ಇದೆ. ಅಂದರೆ ನಿಮ್ಮ ವಾದದ ಪ್ರಕಾರ, ಇಲ್ಲಿ ಸೇದಲು ಬಿಡದಿದ್ದರೆ ಸಿಟ್ಟಾದ ಗಿರಾಕಿ, ಕಾರು ಹತ್ತಿ, ಸೇತುವೆಯ ಸುಂಕ ಕೊಟ್ಟು, ತೊಂಬತ್ತು ನಿಮಿಷ ಓಡಿಸಿಕೊಂಡು, ಸೇದಲು ಬಿಡದ ಇನ್ನೊಂದು ಕಡೆಗೇ ಹೋಗುತ್ತಾನೆ. ನಾನೂರು ಪುಟ ಬರೆದವರಲ್ಲಿ ಒಬ್ಬನಾದರೂ ಆ ಬಾಗಿಲ ಫಲಕ ಓದಲಿಲ್ಲವೆ?

ಅಲ್ಲಿ ನನ್ನ ಭುಜ ಹಿಡಿದು ಜಗ್ಗಿದವರು ಯಾರು ಅಂದುಕೊಂಡಿರಿ! ಓಪಲ್ ಥ್ರೆಡ್‌ಗಿಲ್, ಎಂಬತ್ತರ ಅಂಚಿನ ವಿಧವೆ, ಹದಿನೈದು ವರ್ಷ ನನ್ನ ಕೈಯಿಂದ ಶುಂಠಿ ಸೋಡಾ ಕುಡಿದ ಗಿರಾಕಿ. ದಿನಕ್ಕೆ ಒಂದು ಪೊಟ್ಟಣ ಸೇದುವವರು.

'ಅಯ್ಯೋ ನೋರೀನ್! ನೀನೂ ಪಕ್ಷಾಂತರ ಮಾಡ್ಬಿಟ್ಯೇನೇ?'

'ನೋಡ್ಕೊಂಡು ಹೋಗಣ ಅಂತ ಬಂದೆ ಓಪಲಮ್ಮ. ನೀವು ಇಲ್ಲಿಗ್ಯಾಕೆ ಬರೋದು? ಇಲ್ಲಿ ಸೇದಕ್ಕೇ ಬಿಡಲ್ವಲ್ಲ.'

'ಸೇದೋದಕ್ಕೆ ಯಾರಾದ್ರೂ ಇಷ್ಟ್ ದೂರ ಬರ್ತಾರೇನೇ, ಹುಚ್ಚಿ! ಸೇದೋದು ನಮ್ಮನೆ ಜಗುಲೀಲೇ ಸೇದಬಹುದು. ನಿಮ್ಮಲ್ಲಿ ಕಾರು ನಿಲ್ಸಿದ್ರೆ ದುಡ್ಡು, ನೀರು ಕೇಳಿದ್ರೆ ದುಡ್ಡು. ಶುಕ್ರವಾರ ಏಡಿಕಾಲಿನ ಊಟ ಇರ್ತಿತ್ತಲ್ಲ, ಅದಕ್ಕೇ ತಾನೇ ನಾವೆಲ್ಲ ಬರ್ತಿದ್ದಿದ್ದು? ಅದನ್ನೂ ಕಿತ್ತಾಕಿದ್ರು. ಹೆಂಗಸರ ಶೌಚಾಲಯದಲ್ಲಿ ನಲ್ಲಿ ಕೆಟ್ಟು ಒಂದ್ ವರ್ಷ ಆಗಿತ್ತು, ರಿಪೇರಿ ಮಾಡಿದ್ರಾ?'

'ಇಲ್ಲ.'

'ಮತ್ತೆ! ಇಲ್ಲಿ ನೋಡು, ಸೇದ್ಬೇಕು ಅನ್ಸಿದ್ರೆ ಹೊರಗಡೆ ಹೋಗ್ತೀನಿ. ಬಿಸಿಗಾಳಿ ಬಿಡೋ ದೀಪ ಇಟ್ಟಿದಾರೆ, ಕೂರಕ್ಕೆ ಬೆಂಚು. ಅಲ್ಲೇ ಒಬ್ಬ ಮುದುಕನೂ ಪರಿಚಯ ಆಗಿದಾನೆ.' ಎಂದು ಕಣ್ಣು ಮಿಟುಕಿಸಿದರು. ಆಮೇಲೆ ದನಿ ತಗ್ಗಿಸಿ, 'ನಿನ್ ಗಂಡ ಹೇಗಿದಾನೆ? ಅವನ ಮೇಜಲ್ಲೇ ಕೂತು ಎಷ್ಟು ವರ್ಷ ಸೇದಿದೀನಿ ನಾನು' ಎಂದರು. ನಾನು ಹೇಳಿದೆ. ಅವರ ಕೈಯಲ್ಲಿ ಸಿಗರೇಟಿನ ಪೊಟ್ಟಣ ಇತ್ತು. ಅದನ್ನು ಚೀಲದೊಳಗೆ ಹಾಕಿಕೊಂಡು, 'ಯಾರೂ ನಂಗೆ ಹೇಳ್ಲೇ ಇಲ್ವಲ್ಲೇ' ಎಂದರು. ಆ ದಿನ ಅವರು ಹೊರಗೆ ಹೋಗಲಿಲ್ಲ.

ಎಂಬತ್ತರ ಆ ಹೆಂಗಸಿಗೆ ಆದ ನಾಚಿಕೆಯಲ್ಲಿ ಚೂರು ನಿಮಗೂ ಆಗಿದ್ದರೆ ನಾನು ಈ ಪತ್ರ ಬರೆಯುವ ಪ್ರಮೇಯ ಇರಲಿಲ್ಲ. ಉತ್ತರದ ರಾಜ್ಯದಲ್ಲಿ ಇನ್ನೂ ಸೇದಲು ಬಿಡುತ್ತಾರೆ ಎಂದು ನೀವು ತಕ್ಷಣ ಬೆರಳೆತ್ತುತ್ತೀರಿ. ಬಿಡಲಿ. ಅಲ್ಲಿನ ಇಸ್ಪೀಟು ಹಂಚುವವರೂ ನಮ್ಮ ಹಾಗೇ ಅರ್ಜಿ ಹಿಡಿದು ಅಲ್ಲಿನ ಅಧ್ಯಕ್ಷರ ಬಾಗಿಲಲ್ಲಿ ನಿಂತಿದ್ದಾರೆ. ಅಲ್ಲಿನ ಅಧ್ಯಕ್ಷರು ಅವರಿಗೆ ಏನು ಹೇಳುತ್ತಾರಂತೆ ಗೊತ್ತೆ? ದಕ್ಷಿಣದ ರಾಜ್ಯದವರು ಸೇದಲು ಬಿಡುತ್ತಾರೆ, ಅವರು ನಿಲ್ಲಿಸಲಿ, ಆಮೇಲೆ ನೋಡೋಣ. ಅವರ ದಕ್ಷಿಣ ಎಂದರೆ ನಾವೇ ಸ್ವಾಮೀ. ಹೀಗೆ ನೀವು ಅವರ ಕಡೆ, ಅವರು ನಿಮ್ಮ ಕಡೆ ಕೈ ತೋರಿಸುತ್ತ ಇನ್ನೆಷ್ಟು ವರ್ಷ ತಳ್ಳುತ್ತೀರಿ? ಇಷ್ಟಕ್ಕೂ ಹೊಗೆಯಿಂದ ವರಮಾನ ಉಳಿಯುವುದಾದರೆ ಹನ್ನೊಂದು ಇದ್ದದ್ದು ಆರಾದದ್ದು ಹೇಗೆ? ಮುಚ್ಚಿದ ಐದರಲ್ಲೂ ಕೊನೆಯ ದಿನದವರೆಗೆ ಧಾರಾಳವಾಗಿ ಸೇದುತ್ತಿದ್ದರಲ್ಲ!

ನಿಮ್ಮ ಸಭಾಭವನಕ್ಕೆ ನಾನು ನಾಲ್ಕು ಸಲವೂ ಬಂದಿದ್ದೇನೆ. ಎತ್ತರದ ಕಿಟಕಿಗಳು, ಒಳ್ಳೆಯ ಗಾಳಿ, ಗೋಡೆಯ ಮೇಲೆ ಧೂಮಪಾನ ನಿಷೇಧದ ಹಿತ್ತಾಳೆ ಫಲಕ. ಕಳೆದ ಬಾರಿ ಯಾರೋ ಹೊರಗೆ ಮೆಟ್ಟಿಲ ಮೇಲೆ ಸೇದಿದ್ದಕ್ಕೆ ನೀವು ಮೂಗು ಸಿಂಡರಿಸಿ ಕಿಟಕಿ ಮುಚ್ಚಿಸಿದ್ದನ್ನು ನನ್ನ ಕಣ್ಣಾರೆ ನೋಡಿದೆ. ತಪ್ಪೆನ್ನುವುದಿಲ್ಲ. ವಾಸನೆ ಯಾರಿಗೂ ಇಷ್ಟವಾಗುವುದಿಲ್ಲ. ಆದರೆ ಕಿಟಕಿ ಮುಚ್ಚಿಸಿದ ಐದೇ ನಿಮಿಷಕ್ಕೆ ನೀವು ನಮ್ಮ ಮಸೂದೆಯನ್ನೂ ಮುಚ್ಚಿಸಿದಿರಿ, ನಿಮಗೆ ಏನೂ ಅನ್ನಿಸಲಿಲ್ಲ.

ಗುರುವಾರ ಐದನೆಯ ಸಲ ಸಭೆ ಕರೆದಿದ್ದೀರಿ. ಮಾತಾಡುವವರ ಪಟ್ಟಿಗೆ ಎಮೆಟ್ ಹೆಸರು ಕೊಟ್ಟಿದ್ದಾನೆ. ನಿಮ್ಮ ಗುಮಾಸ್ತೆ ಫೋನು ಮಾಡಿ, ಒಬ್ಬೊಬ್ಬರಿಗೆ ಮೂರೇ ನಿಮಿಷ, ಮೀರಿದರೆ ಮೈಕು ಆರಿಸಲಾಗುತ್ತದೆ ಎಂದು ತಿಳಿಸಿದರು. ಎಮೆಟ್ ಒಂದು ಪುಟ ಬರೆದುಕೊಂಡು ಅಡುಗೆಮನೆಯಲ್ಲಿ ಅಭ್ಯಾಸಕ್ಕೆ ಕೂತ. ಒಲೆಯ ಮೇಲಿನ ಗಡಿಯಾರ ನೋಡುತ್ತ ನಾನು ಎದುರಿಗೆ ನಿಂತಿದ್ದೆ. ಮೂರು ನಿಮಿಷ ಆಗುವ ಹೊತ್ತಿಗೆ ಅವನು ನಾಲ್ಕನೆಯ ವಾಕ್ಯದಲ್ಲಿದ್ದ. ಎರಡು ಪದಕ್ಕೊಮ್ಮೆ ಉಸಿರಿಗೆ ನಿಲ್ಲಬೇಕಲ್ಲ. ಇನ್ನೊಂದು ಸಲ ಪ್ರಯತ್ನಿಸಿದ, ಮೂರನೆಯ ವಾಕ್ಯಕ್ಕೇ ನಿಂತಿತು.

'ಕೊಡಿಲ್ಲಿ, ನಾನ್ ಓದ್ತೀನಿ' ಎಂದೆ.

ಎಮೆಟ್ ಕಾಗದ ಕೊಡಲಿಲ್ಲ. ಮಡಚಿ ಮೇಜಿನ ಮೇಲಿಟ್ಟ. 'ಬೇಡ ಬಿಡೇ ನೋರೀನ್. ಮೈಕ್ ಹತ್ರ ಕೂತ್ಕೊಂಡು ಸುಮ್ನೆ ಉಸಿರಾಡ್ತೀನಿ. ಮೂರು ನಿಮಿಷ. ಕೇಳಿಸ್ಕೊಳ್ಳಲಿ.'

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ ದೊಡ್ಡದಲ್ಲ. ಗುರುವಾರ ನನ್ನ ಗಂಡ ಏನೂ ಮಾತಾಡುತ್ತಿಲ್ಲವೆಂದು ಮುಂದಿನವರನ್ನು ಕರೆಯಬೇಡಿ. ಮೈಕು ಆರಿಸಬೇಡಿ, ಫೋನು ನೋಡಬೇಡಿ, ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟಬೇಡಿ. ಆ ಶಬ್ದವನ್ನು ನಾನು ಪ್ರತಿ ದಿನ ಕೇಳುತ್ತೇನೆ, ನೀವು ಮೂರು ನಿಮಿಷ ಕೇಳಿ. ಅದು ಮುಗಿದ ಮೇಲೆ ಮಸೂದೆಯನ್ನು ಅದೇ ದಿನ, ಅದೇ ಕೋಣೆಯಲ್ಲಿ, ಒಬ್ಬೊಬ್ಬರ ಹೆಸರು ಕೂಗಿ ಮತಕ್ಕೆ ಹಾಕಿ. ನಡುವೆ ನಿಮಗೆ ಕೇಳಲಾಗದೆ, ಎದ್ದು ಹೊರಗೆ ಹೋಗಿ ಒಂದಿಷ್ಟು ಒಳ್ಳೆಯ ಗಾಳಿ ತೆಗೆದುಕೊಳ್ಳಬೇಕು ಎನ್ನಿಸಿದರೆ ಖಂಡಿತ ಹೋಗಿ. ಆಮೇಲೆ ಒಳಗೆ ಬಂದು ಮತ ಹಾಕಿ.

ಇಂತಿ,
ಗಂಡ ಮನೆಗೆ ಬಂದದ್ದನ್ನು ಕರೆಗಂಟೆಗಿಂತ ಮೊದಲು ಅವನ ಉಸಿರಿನಿಂದಲೇ ತಿಳಿಯುವ,
ನೋರೀನ್ ಗ್ರಬೋಸ್ಕಿ
ಹ್ಯಾರೋ ಪಾಯಿಂಟ್